ಕೆರೆಯ ಹೂಳಿನಲ್ಲಿ ಬೆಂಕಿ ತಡೆ ರಾಸಾಯನಿಕ: ಬ್ಯಾಕ್ಟೀರಿಯಾಗಳಿಗೆ ಬಿಟ್ಟರೆ ಸಾಕೇ?

ಓದುಗರ ಪ್ರಶ್ನೆ: ನಮ್ಮ ಕೆರೆಯ ದಂಡೆಯಲ್ಲಿ ಬಹಳ ವರ್ಷ ಹಳೇ ಕಂಪ್ಯೂಟರ್, ಟಿವಿ, ವೈರ್‌ಗಳನ್ನು ಒಡೆದು ಸುಡುತ್ತಿದ್ದರು. ಈಗ ಆ ಜಾಗ ಮುಚ್ಚಿದೆ. ಕೆರೆಯ ಹೂಳನ್ನು ಪರೀಕ್ಷೆ ಮಾಡಿಸಿದಾಗ ಪಿಬಿಡಿಇ ಎಂಬ ಬೆಂಕಿ ತಡೆ ರಾಸಾಯನಿಕ ಸಿಕ್ಕಿತು. ಅದರಲ್ಲೂ ಡೆಕಾ ಎನ್ನುವುದು ಜಾಸ್ತಿ. ಎರಡು ವರ್ಷದ ನಂತರ ಮತ್ತೆ ಪರೀಕ್ಷಿಸಿದರೆ ಒಟ್ಟು ಪ್ರಮಾಣ ಸುಮಾರು ಕಾಲು ಭಾಗ ಇಳಿದಿದೆ. "ಹೂಳಿನ ಬ್ಯಾಕ್ಟೀರಿಯಾ ತಿಂದು ಮುಗಿಸುತ್ತವೆ, ಸುಮ್ನೆ ಬಿಡಿ" ಎಂದು ಒಬ್ಬರು ಹೇಳುತ್ತಾರೆ. "ಬ್ಯಾಕ್ಟೀರಿಯಾ ಪುಡಿ ಹಾಕಿ, ಕೆಲವೇ ತಿಂಗಳಲ್ಲಿ ಶುದ್ಧವಾಗುತ್ತೆ" ಎನ್ನುತ್ತಾರೆ ಇನ್ನೊಬ್ಬರು. "ಬ್ಯಾಕ್ಟೀರಿಯಾ ಮುಟ್ಟಿದರೆ ಅದು ಇನ್ನೂ ಕೆಟ್ಟ ವಿಷ ಆಗುತ್ತೆ" ಎಂದು ಹೆದರಿಸುವವರೂ ಇದ್ದಾರೆ. ಯಾರನ್ನು ನಂಬಬೇಕು? ಈ ಕೆರೆಯ ಮೀನು ತಿನ್ನಬಹುದೇ? ಹೂಳೆತ್ತಿ ತೋಟಕ್ಕೆ ಹಾಕಬಹುದೇ?

ಉತ್ತರ: ನೀವು ಕೇಳಿದ್ದು ಹಲವು ಪ್ರಶ್ನೆ. ಆದರೆ ಆತಂಕ ಒಂದೇ. ಸುಮ್ಮನೆ ಕಾದರೆ ಕೆರೆ ತಾನಾಗಿ ಸರಿಹೋಗುತ್ತದೋ, ಅಥವಾ ಕಾಯುವುದರಿಂದಲೇ ಹಾನಿ ಹೆಚ್ಚುತ್ತದೋ?

ನಿಮಗೆ ಸಲಹೆ ಕೊಟ್ಟ ಮೂವರ ಮಾತಿನಲ್ಲೂ ಒಂದಿಷ್ಟು ನಿಜ ಇದೆ. ಪುಡಿಯವರ ಮಾತಿನಲ್ಲಿ ಅತಿ ಕಡಿಮೆ. ಹೂಳಿನ ಬ್ಯಾಕ್ಟೀರಿಯಾ ಈ ರಾಸಾಯನಿಕವನ್ನು ಒಡೆಯುತ್ತವೆ, ಅದರಲ್ಲಿ ಸಂಶಯವಿಲ್ಲ. ಆದರೆ ಒಡೆಯುತ್ತಾ ಹೋಗಿ ಎಲ್ಲಿ ನಿಲ್ಲುತ್ತವೆ ಎನ್ನುವುದೇ ಮುಖ್ಯ. ಕೊನೆಯವರೆಗೆ ಹೋದರೆ ಒಳ್ಳೆಯದು. ಅರ್ಧದಲ್ಲಿ ನಿಂತರೆ ಕೆಲವೊಮ್ಮೆ ಮೊದಲಿಗಿಂತ ಕಷ್ಟ.

ಪಿಬಿಡಿಇ ಒಂದೇ ವಸ್ತುವಲ್ಲ, ಒಂದು ದೊಡ್ಡ ಕುಟುಂಬ. ಎರಡು ಬೆಂಜೀನ್ ಉಂಗುರಗಳು, ನಡುವೆ ಅವನ್ನು ಜೋಡಿಸುವ ಒಂದು ಆಮ್ಲಜನಕದ ಪರಮಾಣು, ಉಂಗುರಗಳ ಸುತ್ತ ಬ್ರೋಮಿನ್. ಬ್ರೋಮಿನ್ ಎಷ್ಟಿದೆ, ಯಾವ ಜಾಗದಲ್ಲಿದೆ ಎನ್ನುವುದರ ಮೇಲೆ ಒಟ್ಟು 209 ಬಗೆ. ನಿಮ್ಮ ವರದಿಯ ಡೆಕಾ ಎಂದರೆ ಬಿಡಿಇ-209, ಹತ್ತೂ ಜಾಗದಲ್ಲಿ ಬ್ರೋಮಿನ್ ತುಂಬಿಕೊಂಡ ಬಗೆ. ಅದರ ತೂಕದಲ್ಲಿ ಸುಮಾರು 83 ಶೇಕಡಾ ಬರೀ ಬ್ರೋಮಿನ್. ಟಿವಿ, ಕಂಪ್ಯೂಟರ್‌ಗಳ ಗಟ್ಟಿ ಪ್ಲಾಸ್ಟಿಕ್ ಹೊತ್ತಿಕೊಳ್ಳದಿರಲಿ ಎಂದು ಇದನ್ನು ಬೆರೆಸುತ್ತಿದ್ದರು. ಪೆಂಟಾ ಮತ್ತು ಆಕ್ಟಾ ಎಂಬ, ಕಡಿಮೆ ಬ್ರೋಮಿನ್ನಿನ ಪಿಬಿಡಿಇ ಮಿಶ್ರಣಗಳಲ್ಲಿದ್ದ ಮುಖ್ಯ ಬಗೆಗಳನ್ನು 2009ರಲ್ಲಿ ಸ್ಟಾಕ್‌ಹೋಮ್ ಒಪ್ಪಂದದ, ಅಂದರೆ ಬಹುಕಾಲ ಉಳಿಯುವ ವಿಷಗಳನ್ನು ತಡೆಯುವ ಅಂತರರಾಷ್ಟ್ರೀಯ ಒಪ್ಪಂದದ, ಪಟ್ಟಿಗೆ ಸೇರಿಸಿದರು. ಡೆಕಾ ಸೇರಿದ್ದು 2017ರಲ್ಲಿ. ಪಟ್ಟಿಗೆ ಸೇರಿದರೂ ಹಳೇ ಸಾಮಾನುಗಳಲ್ಲಿ ಇದ್ದದ್ದು ಇದ್ದೇ ಇದೆ. ಅದು ನೀರಿಗೆ ಬಿದ್ದ ಮೇಲೆ ನೇರ ತಳಕ್ಕೆ ಹೋಗುತ್ತದೆ. ನೀರಿನಲ್ಲಿ ಕರಗುವುದು ತೀರಾ ಕಡಿಮೆ. ಬಟ್ಟೆಗೆ ಹಿಡಿದ ಎಣ್ಣೆ ಜಿಡ್ಡಿನ ಹಾಗೆ ಹೂಳಿನ ಸಾವಯವ ಕಣಗಳಿಗೆ ಅಂಟಿ ಕೂರುತ್ತದೆ.

ಈಗ ಬ್ಯಾಕ್ಟೀರಿಯಾ ಏನು ಮಾಡುತ್ತವೆ ನೋಡೋಣ. ಹೂಳಿನ ಮೇಲಿನ ಕೆಲವು ಮಿಲಿಮೀಟರ್ ದಾಟಿದರೆ ಆಮ್ಲಜನಕ ಮುಗಿದುಹೋಗಿರುತ್ತದೆ. ಕೆಳಗಿನ ಕಪ್ಪು, ವಾಸನೆಯ ಕೆಸರು ಇದೆಯಲ್ಲ, ಅದು ಆಮ್ಲಜನಕ ಇಲ್ಲದೆ ಬದುಕುವ ಜೀವಿಗಳ ಲೋಕ. ನಾವು ಉಸಿರಾಡುವಾಗ ಊಟದಿಂದ ಬಂದ ಎಲೆಕ್ಟ್ರಾನ್‌ಗಳನ್ನು ಕೊನೆಗೆ ಆಮ್ಲಜನಕಕ್ಕೆ ಒಪ್ಪಿಸುತ್ತೇವೆ. ಅಲ್ಲಿನ ಕೆಲವು ಬ್ಯಾಕ್ಟೀರಿಯಾ ಆ ಎಲೆಕ್ಟ್ರಾನ್‌ಗಳನ್ನು ಕ್ಲೋರಿನ್ ಅಥವಾ ಬ್ರೋಮಿನ್ ಹೊತ್ತ ಅಣುಗಳಿಗೆ ಒಪ್ಪಿಸುತ್ತವೆ. ಹಾಗೆ ಒಪ್ಪಿಸಿದಾಗ ಒಂದು ಬ್ರೋಮಿನ್ ಕಳಚಿ ಬ್ರೋಮೈಡ್ ಆಗಿ ನೀರಿಗೆ ಹೋಗುತ್ತದೆ, ಅದರ ಜಾಗಕ್ಕೆ ಹೈಡ್ರೋಜನ್ ಬಂದು ಕೂರುತ್ತದೆ. ಅಂದರೆ ಪಿಬಿಡಿಇ ಅವುಗಳ ಊಟವಲ್ಲ. ಊಟ, ಅಂದರೆ ಹೈಡ್ರೋಜನ್‌ನಂಥ ಎಲೆಕ್ಟ್ರಾನ್ ಕೊಡುವ ವಸ್ತು, ಬೇರೆ ಕಡೆಯಿಂದ ಬರಬೇಕು. ಇದು ಸಣ್ಣ ವಿಷಯವಲ್ಲ. ವಿಷ ಎಷ್ಟೇ ಇದ್ದರೂ, ಹೈಡ್ರೋಜನ್ ಕೊಡುವವರು ಅಕ್ಕಪಕ್ಕದಲ್ಲಿ ಇಲ್ಲದಿದ್ದರೆ ಕೆಲಸ ನಡೆಯುವುದೇ ಇಲ್ಲ.

ಈ ಕೆಲಸದಲ್ಲಿ ಹೆಸರಾದ ಬ್ಯಾಕ್ಟೀರಿಯಾ ಡೀಹ್ಯಾಲೊಕಾಕ್ಕೊಯ್ಡಿಸ್. ಅದರ ಒಂದು ತಳಿಯನ್ನು ಶುದ್ಧವಾಗಿ ಬೇರ್ಪಡಿಸಿದ ವಿವರ 1997ರಲ್ಲಿ ಹೊರಬಂತು. ಡ್ರೈ ಕ್ಲೀನಿಂಗ್‌ಗೆ ಬಳಸುವ ಕ್ಲೋರಿನ್ ದ್ರಾವಕವನ್ನು ಪೂರ್ತಿ ಎಥಿಲೀನ್‌ವರೆಗೆ ಇಳಿಸಬಲ್ಲ ಜೀವಿ ಅದು. ಬಹಳ ಚಿಕ್ಕದು, ಬಹಳ ನಾಜೂಕು. ಹೈಡ್ರೋಜನ್ ಬೇಕು, ಅಸಿಟೇಟ್ ಬೇಕು. ಬ್ರೋಮಿನ್ ಕಳಚುವ ಕಿಣ್ವದ ಒಳಗೆ ಬಿ12 ವಿಟಮಿನ್ ಕೂರಬೇಕು, ಆದರೆ ಅದನ್ನು ಸ್ವಂತವಾಗಿ ತಯಾರಿಸಲು ಇದಕ್ಕೆ ಬರುವುದಿಲ್ಲ. ಪಕ್ಕದ ಬ್ಯಾಕ್ಟೀರಿಯಾಗಳಿಂದ ಪಡೆಯಬೇಕು. ಆಮ್ಲಜನಕ ತಗುಲಿದರೆ ಕೆಟ್ಟುಹೋಗುತ್ತದೆ. ಒಂಟಿಯಾಗಿ ಬದುಕಲಾರದ ಜೀವಿ, ನೆರೆಹೊರೆ ಚೆನ್ನಾಗಿದ್ದರೆ ಮಾತ್ರ ದುಡಿಯುತ್ತದೆ.

ಮನುಷ್ಯ ತಯಾರಿಸಿದ ವಸ್ತುವನ್ನು ಒಡೆಯುವ ಕಿಣ್ವ ಹೂಳಿಗೆ ಎಲ್ಲಿಂದ ಬಂತು ಎಂದು ನನ್ನನ್ನು ಆಗಾಗ ಕೇಳುತ್ತಾರೆ. ಬ್ರೋಮಿನ್ ಹೊತ್ತ ಅಣುಗಳು ಕಾರ್ಖಾನೆಗಿಂತ ಬಹಳ ಹಿಂದೆಯೇ ಇದ್ದವು. ಸಮುದ್ರದ ಸ್ಪಂಜು, ಪಾಚಿ, ಕೆಲವು ಹುಳುಗಳು ತಮ್ಮ ರಕ್ಷಣೆಗೆ ಇಂಥವನ್ನು ತಯಾರಿಸುತ್ತವೆ. ಕೆಲವು ಸ್ಪಂಜುಗಳಲ್ಲಿ ಸಿಗುವ ಅಣುಗಳು ಪಿಬಿಡಿಇಗೆ ಅಣ್ಣತಮ್ಮಂದಿರು ಎನ್ನುವಷ್ಟು ಹತ್ತಿರ. ಅವನ್ನು ತಯಾರಿಸುವುದು ಸ್ಪಂಜಿನೊಳಗೆ ವಾಸಿಸುವ ಸೂಕ್ಷ್ಮಜೀವಿಗಳು. ಹಾಗಾಗಿ ಬ್ರೋಮಿನ್ ಕಳಚುವ ಕಲೆ ಬ್ಯಾಕ್ಟೀರಿಯಾಗಳಿಗೆ ಹಳೆಯದು. ಇದನ್ನು ಮೊದಲ ಸಲ ಓದಿದಾಗ ನನಗೆ ಆದ ಸಂತೋಷ ಇನ್ನೂ ಮಾಸಿಲ್ಲ.

ಕಲೆ ಗೊತ್ತಿದ್ದರೆ ಕೆಲಸ ಯಾಕೆ ಮುಗಿಯುತ್ತಿಲ್ಲ? ಯಾಕೆಂದರೆ ಒಂದೇ ಬ್ಯಾಕ್ಟೀರಿಯಾ ಹತ್ತೂ ಬ್ರೋಮಿನ್ ಕಳಚುವುದಿಲ್ಲ. 2006ರಲ್ಲಿ ಪ್ರಕಟವಾದ ಒಂದು ಪ್ರಯೋಗ ಇದನ್ನು ಚೆನ್ನಾಗಿ ತೋರಿಸಿತು. ಸಲ್ಫ್ಯುರೊಸ್ಪಿರಿಲಮ್ ಎಂಬ ಬ್ಯಾಕ್ಟೀರಿಯಾ ಡೆಕಾವನ್ನು ಎಂಟು, ಏಳು ಬ್ರೋಮಿನ್‌ಗೆ ಇಳಿಸಿತು. ಆದರೆ ಆಕ್ಟಾ ಮಿಶ್ರಣ ಕೊಟ್ಟರೆ ಮುಟ್ಟಲಿಲ್ಲ. ಡೀಹ್ಯಾಲೊಕಾಕ್ಕೊಯ್ಡಿಸ್ ಇದ್ದ ಗುಂಪುಗಳು ಸರಿಯಾಗಿ ಇದರ ತಿರುವುಮುರುವು. ಡೆಕಾವನ್ನು ಮುಟ್ಟಲಿಲ್ಲ, ಆಕ್ಟಾವನ್ನು ಎರಡು ಬ್ರೋಮಿನ್‌ವರೆಗೂ ತಂದವು. ಈ ಇಳಿಯುವ ದಾರಿಯಲ್ಲೇ ಬಿಡಿಇ-99, ಬಿಡಿಇ-47 ಹುಟ್ಟಿದವು. ನಿಮ್ಮನ್ನು ಹೆದರಿಸಿದವರು ಹೇಳಿದ್ದು ಇದನ್ನೇ. ಐದು ಬ್ರೋಮಿನ್ನಿನ 99, ನಾಲ್ಕು ಬ್ರೋಮಿನ್ನಿನ 47 ಡೆಕಾಕ್ಕಿಂತ ಚಿಕ್ಕ ಅಣುಗಳು. ಜೀವಕೋಶದ ಪೊರೆ ದಾಟಿ ಸುಲಭವಾಗಿ ಒಳಗೆ ಹೋಗುತ್ತವೆ, ಕೊಬ್ಬಿನಲ್ಲಿ ಸೇರುತ್ತವೆ, ಹುಳುವಿನಿಂದ ಮೀನಿಗೆ, ಮೀನಿನಿಂದ ಮೇಲಕ್ಕೆ ಏರುತ್ತವೆ. ಥೈರಾಯ್ಡ್ ಹಾರ್ಮೋನಿನ ಕೆಲಸಕ್ಕೆ ಅಡ್ಡಿ ಮಾಡುತ್ತವೆ. ಪ್ರಾಣಿಗಳ ಮೇಲಿನ ಅಧ್ಯಯನಗಳಲ್ಲಿ ಬೆಳೆಯುವ ಮಿದುಳಿನ ಮೇಲೆ ಪರಿಣಾಮ ಕಂಡಿದೆ.

ಆದರೆ ಹೆದರಿಸಿದವರು ಅರ್ಧ ಕಥೆ ಮಾತ್ರ ಹೇಳಿದ್ದಾರೆ. 2011ರಲ್ಲಿ ಡೀಹ್ಯಾಲೊಕಾಕ್ಕೊಯ್ಡಿಸ್ ಮತ್ತು ಡೀಸಲ್ಫೊವಿಬ್ರಿಯೊ ಎರಡನ್ನು ಜೊತೆಯಾಗಿ ಬೆಳೆಸಿದಾಗ, ಅವು ನಾಲ್ಕು ಮತ್ತು ಐದು ಬ್ರೋಮಿನ್ನಿನ ಬಗೆಗಳಿಂದ ಎಲ್ಲಾ ಬ್ರೋಮಿನ್ ಕಳಚಿ, ಬರಿಯ ಡೈಫಿನೈಲ್ ಈಥರ್, ಅಂದರೆ ಬ್ರೋಮಿನ್ ಇಲ್ಲದ ಉಂಗುರಗಳ ಜೋಡಿ, ಮಾತ್ರ ಉಳಿಸಿದವು. ಬ್ರೋಮಿನ್ ಕಡಿಮೆಯಾದ ಮೇಲೆ ಆಮ್ಲಜನಕದಲ್ಲಿ ಬದುಕುವ ಬ್ಯಾಕ್ಟೀರಿಯಾಗಳಿಗೂ ಕೆಲಸ ಸಿಗುತ್ತದೆ. ರೋಡೊಕಾಕಸ್, ಬರ್ಕೋಲ್ಡೇರಿಯಾ ಜಾತಿಯ ಕೆಲವು ತಳಿಗಳು ಕಡಿಮೆ ಬ್ರೋಮಿನ್ನಿನ ಬಗೆಗಳ ಉಂಗುರವನ್ನೇ ಮುರಿಯಬಲ್ಲವು. ಡೆಕಾದ ಮುಂದೆ ಅವುಗಳ ಆಟ ನಡೆಯುವುದಿಲ್ಲ. ಅಂದರೆ ಮೊದಲು ಆಮ್ಲಜನಕ ಇಲ್ಲದ ಕೆಲಸ, ಆಮೇಲೆ ಆಮ್ಲಜನಕ ಇರುವ ಕೆಲಸ. ಈ ಕ್ರಮ ಸಿಕ್ಕರೆ ದಾರಿ ಪೂರ್ತಿಯಾಗುತ್ತದೆ. ಟಿಬಿಬಿಪಿಎ ಎಂಬ ಇನ್ನೊಂದು ಬೆಂಕಿ ತಡೆ ರಾಸಾಯನಿಕದ ವಿಷಯದಲ್ಲಿ ಇದು ಇನ್ನೂ ಸ್ಪಷ್ಟ. ಆಮ್ಲಜನಕ ಇಲ್ಲದಾಗ ಅದರ ನಾಲ್ಕೂ ಬ್ರೋಮಿನ್ ಹೋಗಿ ಬಿಸ್ಫಿನಾಲ್-ಎ ಉಳಿಯುತ್ತದೆ, ಅಲ್ಲಿಗೆ ನಿಲ್ಲುತ್ತದೆ. ಆಮ್ಲಜನಕ ಕೊಟ್ಟ ಮೇಲೆ ಮಾತ್ರ ಆ ಬಿಸ್ಫಿನಾಲ್ ಒಡೆದುಹೋಗುತ್ತದೆ.

ವೇಗದ ವಿಷಯ ಹೇಳದಿದ್ದರೆ ನಿಮಗೆ ಸುಳ್ಳು ಭರವಸೆ ಕೊಟ್ಟಂತೆ. ಚರಂಡಿ ನೀರಿನ ಕೆಸರಿನಲ್ಲಿ, 37 ಡಿಗ್ರಿ ಬಿಸಿಯಲ್ಲಿ, ಬ್ಯಾಕ್ಟೀರಿಯಾಗಳನ್ನು ಹುರಿದುಂಬಿಸುವ ಬೇರೆ ವಸ್ತುಗಳನ್ನೂ ಸೇರಿಸಿದಾಗ ಡೆಕಾ ಅರ್ಧಕ್ಕೆ ಇಳಿಯಲು ಬೇಕಾದ ಕಾಲ ಸುಮಾರು 700 ದಿನ ಎಂದು ಲೆಕ್ಕ ಬಂತು. ಇದು 2005ರ ಪ್ರಯೋಗ. ಹೂಳನ್ನೇ ಇಟ್ಟುಕೊಂಡು ಮೂರು ವರ್ಷಕ್ಕೂ ಮೀರಿ ನಡೆಸಿದ ಮತ್ತೊಂದು ಪ್ರಯೋಗದಲ್ಲಿ ಅದೇ ಅರ್ಧಕ್ಕೆ 6ರಿಂದ 50 ವರ್ಷ ಬೇಕು ಎಂದು ಅಂದಾಜಾಯಿತು. ಅದೂ ಪ್ರಯೋಗಾಲಯದ ಹದವಾದ ಬಿಸಿಯಲ್ಲಿ. ಅಂಟಿಕೊಂಡ ಅಣು ಬ್ಯಾಕ್ಟೀರಿಯಾದ ಕೈಗೆ ಸಿಗುವುದೇ ನಿಧಾನ. ಎಷ್ಟೋ ಕೆರೆ, ಸರೋವರಗಳ ತಳಕ್ಕೆ ಕೊಳವೆ ಇಳಿಸಿ ತೆಗೆದ ಹೂಳಿನ ಕಂಬಗಳಲ್ಲಿ ಹಳೆಯ ಪದರದಲ್ಲೂ ಡೆಕಾವೇ ಮುಂದಿರುವುದು ಈ ಕಾರಣಕ್ಕೆ.

ಹಾಗಾದರೆ ನಿಮ್ಮ ವರದಿಯಲ್ಲಿ ಎರಡೇ ವರ್ಷಕ್ಕೆ ಕಾಲು ಭಾಗ ಹೇಗೆ ಇಳಿಯಿತು? ಇಲ್ಲಿ ಸ್ವಲ್ಪ ನಿಧಾನವಾಗಿ ಓದಿ, ಯಾಕೆಂದರೆ ಜನ ಎಡವುವುದು ಇಲ್ಲೇ.

ಪ್ರಯೋಗಾಲಯಗಳು ಸಾಮಾನ್ಯವಾಗಿ ತೂಕದಲ್ಲಿ ವರದಿ ಕೊಡುತ್ತವೆ, ಒಂದು ಗ್ರಾಂ ಹೂಳಿಗೆ ಇಷ್ಟು ನ್ಯಾನೋಗ್ರಾಂ ಅಂತ. ಡೆಕಾದ ಅಣುತೂಕ ಸುಮಾರು 959. ಅದರಿಂದ ಆರು ಬ್ರೋಮಿನ್ ಕಳಚಿ ಬಿಡಿಇ-47ರಂಥ ನಾಲ್ಕು ಬ್ರೋಮಿನ್ನಿನ ಅಣು ಆದರೆ ತೂಕ ಸುಮಾರು 486. ಒಂದೇ ಒಂದು ಅಣು ಕೂಡ ನಾಶವಾಗಿಲ್ಲ, ಆದರೂ ಕಾಗದದ ಮೇಲೆ ಒಟ್ಟು ಪಿಬಿಡಿಇ ಅರ್ಧ ಆಯಿತು! ಒಟ್ಟು ಕಡಿಮೆಯಾಯಿತು ಎಂದು ಖುಷಿ ಪಡುವ ಹೊತ್ತಿಗೆ ಮೀನಿಗೆ ಸೇರುವ ಬಗೆ ಹೆಚ್ಚಾಗಿರಬಹುದು. ಅದಕ್ಕೇ ನಾನು ಯಾವಾಗಲೂ ಕೇಳುವುದು ಎರಡು. ಪ್ರತಿ ಬಗೆಯ ಲೆಕ್ಕ ಬೇರೆ ಬೇರೆಯಾಗಿ ಬೇಕು. ಅದು ತೂಕದಲ್ಲಿ ಅಲ್ಲದೆ ಮೋಲ್‌ನಲ್ಲೂ ಬೇಕು, ಅಂದರೆ ಅಣುಗಳ ಎಣಿಕೆಯಲ್ಲಿ. ಮೋಲ್ ಲೆಕ್ಕವೂ ಇಳಿದಿದ್ದರೆ ಏನೋ ನಿಜಕ್ಕೂ ಹೋಗಿರಬಹುದು. ಮೋಲ್ ಲೆಕ್ಕ ಹಾಗೇ ಇದ್ದು, ಒಂದು ಅಣುವಿಗೆ ಸರಾಸರಿ ಎಷ್ಟು ಬ್ರೋಮಿನ್ ಎನ್ನುವುದು ಇಳಿದಿದ್ದರೆ, ಬ್ಯಾಕ್ಟೀರಿಯಾ ಕೆಲಸ ಶುರುಮಾಡಿವೆ, ಮುಗಿಸಿಲ್ಲ.

ಎರಡೂ ಅಲ್ಲದ ಸಾಧ್ಯತೆಯೂ ಇದೆ, ನನ್ನ ಅನುಭವದಲ್ಲಿ ಅದೇ ಜಾಸ್ತಿ. ಎರಡನೇ ಸಲ ಹೂಳು ತೆಗೆದ ಜಾಗ ಹತ್ತಡಿ ಆಚೆ ಇರಬಹುದು. ಸುಡುವ ಜಾಗ ಮುಚ್ಚಿದ ಮೇಲೆ ಮಳೆಯ ಜೊತೆ ಬಂದ ಹೊಸ ಮಣ್ಣು ಹಳೆಯದರ ಮೇಲೆ ಕೂತಿರಬಹುದು. ಆಗ ವಿಷ ಎಲ್ಲೂ ಹೋಗಿಲ್ಲ, ಕೆಳಗಿದೆ ಅಷ್ಟೆ. ಇದನ್ನು ಬಿಡಿಸಲು ಮೇಲಿನ ಪದರ ಮಾತ್ರವಲ್ಲ, ಆಳದವರೆಗಿನ ಹೂಳಿನ ಕಂಬ ತೆಗೆದು ಪದರ ಪದರವಾಗಿ ನೋಡಬೇಕು. ಇಂಗಾಲದ ಐಸೊಟೋಪ್ ಪರೀಕ್ಷೆಯೂ ಇದೆ. ಬ್ಯಾಕ್ಟೀರಿಯಾ ಹಗುರ ಇಂಗಾಲ ಇರುವ ಬಂಧವನ್ನು ಸ್ವಲ್ಪ ಬೇಗ ಒಡೆಯುತ್ತವೆ, ಹಾಗಾಗಿ ಉಳಿದ ರಾಸಾಯನಿಕದಲ್ಲಿ ಭಾರದ ಇಂಗಾಲದ ಪಾಲು ಏರುತ್ತದೆ. ಬರೀ ಮಣ್ಣು ಬೆರೆತರೆ ಹಾಗೆ ಆಗುವುದಿಲ್ಲ.

ಇನ್ನು ಪುಡಿ. ಕೆರೆಗೆಂದು ಮಾರುವ ಪುಡಿಗಳಲ್ಲಿ ಸಾಮಾನ್ಯವಾಗಿ ಇರುವುದು ಬ್ಯಾಸಿಲಸ್ ಜಾತಿಯವು. ಕೊಳೆತ ಎಲೆ, ವಾಸನೆ, ಜಿಡ್ಡು ಇಂಥವಕ್ಕೆ ಅವು ಸ್ವಲ್ಪ ನೆರವಾಗಬಹುದು. ಪಿಬಿಡಿಇಯ ಬ್ರೋಮಿನ್ ಕಳಚಲು ಅವನ್ನು ನಂಬಲಾಗದು. ಆ ಕೆಲಸ ಬಲ್ಲ ಡೀಹ್ಯಾಲೊಕಾಕ್ಕೊಯ್ಡಿಸ್ ಒಣಪುಡಿಯಾಗಿ ಡಬ್ಬಿಯಲ್ಲಿ ಬರುವ ಜೀವಿಯೇ ಅಲ್ಲ, ಗಾಳಿ ತಾಗದಂತೆ ದ್ರವದಲ್ಲೇ ಸಾಗಿಸಬೇಕು. ಕ್ಲೋರಿನ್ ದ್ರಾವಕದಿಂದ ಕೆಟ್ಟ ಅಂತರ್ಜಲಕ್ಕೆ ಅದನ್ನು ಹಾಗೆ ತುಂಬಿಸುವುದು ಈಗ ರೂಢಿಯ ಕೆಲಸ. ಹೂಳಿನಲ್ಲಿ ಪಿಸಿಬಿ ಎಂಬ ಕ್ಲೋರಿನ್ ವಿಷದ ಮೇಲೂ ಪ್ರಯತ್ನ ನಡೆದಿದೆ. ಅಮೆರಿಕದ ವರ್ಜೀನಿಯಾದಲ್ಲಿ ಸಕ್ರಿಯ ಇದ್ದಿಲಿನ ಉಂಡೆಗಳಿಗೆ ಎರಡು ಬಗೆಯ ಬ್ಯಾಕ್ಟೀರಿಯಾ ಹಚ್ಚಿ ತಳಕ್ಕೆ ಹಾಕಿದರು. ಒಂದು ಕ್ಲೋರಿನ್ ಕಳಚುವುದು, ಇನ್ನೊಂದು ಉಂಗುರ ಮುರಿಯುವುದು. ವರ್ಷಕ್ಕೂ ಸ್ವಲ್ಪ ಹೆಚ್ಚು ಕಾಲದಲ್ಲಿ ಪಿಸಿಬಿ ಸುಮಾರು ಅರ್ಧದವರೆಗೆ ಇಳಿಯಿತು. ನನಗೆ ಈ ದಾರಿಯ ಮೇಲೆ ನಿಜವಾದ ಭರವಸೆ ಇದೆ. ಆದರೆ ಅದು ಅಳೆದು, ಕಾವಲಿಟ್ಟು ಮಾಡಿದ ಕೆಲಸ. ಡಬ್ಬಿ ತೆರೆದು ಚೆಲ್ಲುವುದಲ್ಲ.

ಇರುವ ಬ್ಯಾಕ್ಟೀರಿಯಾಗಳಿಗೇ ಊಟ ಕೊಟ್ಟು ಬಲಪಡಿಸಿದರೆ ಹೇಗೆ? ಲ್ಯಾಕ್ಟೇಟ್‌ನಂಥ ವಸ್ತು ಹಾಕಿದರೆ ಅದು ಹುದುಗಿ ಹೈಡ್ರೋಜನ್ ಸಿಗುತ್ತದೆ, ನಿಜ. ಆದರೆ ಆ ಹೈಡ್ರೋಜನ್‌ಗೆ ಮೀಥೇನ್ ಮಾಡುವವರು, ಸಲ್ಫೇಟ್ ಬಳಸುವವರು ಎಲ್ಲರೂ ಮುಗಿಬೀಳುತ್ತಾರೆ. ತೆರೆದ ಕೆರೆಗೆ ಸುರಿದರೆ ನೀರಿನ ಆಮ್ಲಜನಕ ಕುಸಿದು ಮೀನು ಸಾಯಬಹುದು. ನಿಮ್ಮ ಕೆರೆಯ ವಿಷಯದಲ್ಲಿ ನನಗೆ ಇದಕ್ಕಿಂತ ದೊಡ್ಡ ಭಯ ಪಾದರಸದ್ದು. ಎಲೆಕ್ಟ್ರಾನಿಕ್ ಕಸ ಇದ್ದ ಕಡೆ ಸೀಸ, ಕ್ಯಾಡ್ಮಿಯಂ, ಪಾದರಸ ಇದ್ದೇ ಇರುತ್ತವೆ ಎಂದುಕೊಳ್ಳಿ. ಸಲ್ಫೇಟ್ ಬಳಸುವ ಬ್ಯಾಕ್ಟೀರಿಯಾ ಚುರುಕಾದರೆ ಪಾದರಸ ಮೀಥೈಲ್ ಪಾದರಸವಾಗಿ ಮೀನಿಗೆ ಸೇರುತ್ತದೆ. ಒಂದು ವಿಷ ಇಳಿಸಲು ಹೋಗಿ ಇನ್ನೊಂದನ್ನು ಎಬ್ಬಿಸಿದಂತೆ ಆಗುತ್ತದೆ. ಲೋಹಗಳ ಪರೀಕ್ಷೆ ಇಲ್ಲದೆ ಯಾರೇ ಇದನ್ನು ಸೂಚಿಸಿದರೂ ಬೇಡ ಎನ್ನಿ.

ಉಳಿದವು ಮೂರು. ಹೂಳೆತ್ತುವುದು, ಮುಚ್ಚುವುದು, ಅಳೆಯುತ್ತಾ ಕಾಯುವುದು. ವಿಷ ಒಂದು ಸಣ್ಣ ಮೂಲೆಯಲ್ಲಿ ದಟ್ಟವಾಗಿದ್ದರೆ ಅಲ್ಲಿ ಮಾತ್ರ ಹೂಳೆತ್ತುವುದಕ್ಕೆ ಅರ್ಥ ಇದೆ. ನೀರು ತುಂಬಿರುವಾಗ ಯಂತ್ರ ಇಳಿಸಿದರೆ ಕೆಸರು ಕದಡಿ ಎಲ್ಲೆಡೆ ಹರಡುತ್ತದೆ. ಕಪ್ಪು ಕೆಸರಿಗೆ ಗಾಳಿ ತಾಗಿದಾಗ, ಗಂಧಕದ ಜೊತೆ ಕಟ್ಟಿಕೊಂಡಿದ್ದ ಲೋಹಗಳೂ ಬಿಡುಗಡೆಯಾಗುತ್ತವೆ. ವಿಷ ತೆಳ್ಳಗೆ ಎಲ್ಲ ಕಡೆ ಹರಡಿದ್ದರೆ ಸಕ್ರಿಯ ಇದ್ದಿಲು ಬೆರೆಸಿದ ಪದರ ಹಾಸುವುದು ಮೇಲು. ಅದು ವಿಷವನ್ನು ನಾಶ ಮಾಡುವುದಿಲ್ಲ, ಹಿಡಿದಿಡುತ್ತದೆ. ತಳದ ಹುಳುಗಳಿಗೆ, ಅವುಗಳಿಂದ ಮೀನಿಗೆ ಹೋಗುವುದು ಕಡಿಮೆಯಾಗುತ್ತದೆ. ಮುಂದೆ ಯಾರೂ ಆ ತಳವನ್ನು ಅಗೆಯದಂತೆ ನೋಡಿಕೊಳ್ಳಬೇಕು.

ಕಾಯುವುದು ತಪ್ಪಲ್ಲ. ಅಳೆಯದೆ ಕಾಯುವುದು ತಪ್ಪು. ಅಮೆರಿಕದ ಹಡ್ಸನ್ ನದಿಯ ಹೂಳಿನಲ್ಲಿ ಬ್ಯಾಕ್ಟೀರಿಯಾ ಪಿಸಿಬಿಯ ಕ್ಲೋರಿನ್ ಕಳಚುತ್ತಿವೆ ಎಂದು 1980ರ ದಶಕದಲ್ಲೇ ಗೊತ್ತಾಗಿತ್ತು. ನದಿ ತಾನೇ ಶುದ್ಧವಾಗುತ್ತದೆ ಎಂಬ ವಾದಕ್ಕೆ ಅದನ್ನು ಬಳಸಿಕೊಂಡರು. ಕ್ಲೋರಿನ್ ಕೆಲವು ಜಾಗಗಳಿಂದ ಹೋಯಿತು, ಉಂಗುರಗಳ ಜೋಡಣೆಯ ಪಕ್ಕದ ಜಾಗಗಳಲ್ಲಿ ಉಳಿದುಕೊಂಡಿತು. ಕೊನೆಗೆ 2009ರಿಂದ 2015ರವರೆಗೆ ಹೂಳೆತ್ತಲೇಬೇಕಾಯಿತು.

ನಿಮ್ಮ ಜಾಗದಲ್ಲಿ ನಾನಿದ್ದರೆ ಮೊದಲು ಮಾಡಿಸುವುದು ದಂಡೆಯ ಕೆಲಸ. ಸುಟ್ಟ ಬೂದಿ, ಪ್ಲಾಸ್ಟಿಕ್ ಚೂರು ಅಲ್ಲೇ ಇದ್ದರೆ ಪ್ರತಿ ಮಳೆಗೂ ಹೊಸ ಡೆಕಾ ಕೆರೆಗೆ ಬರುತ್ತಿರುತ್ತದೆ. ಅದು ನಿಲ್ಲದೆ ಕೆರೆಯಲ್ಲಿ ಏನು ಮಾಡಿದರೂ ವ್ಯರ್ಥ. ಬೂದಿಯಲ್ಲಿ ಬ್ರೋಮಿನ್ ಇರುವ ಡಯಾಕ್ಸಿನ್, ಫ್ಯುರಾನ್‌ಗಳನ್ನೂ ಪರೀಕ್ಷಿಸಿ. ಸುಡುವಾಗ ಅವು ಹುಟ್ಟುತ್ತವೆ, ಮತ್ತು ಪಿಬಿಡಿಇಗಿಂತ ಎಷ್ಟೋ ಪಾಲು ಕಟುವಾದವು. ಆಮೇಲೆ ಹೂಳಿನ ಕಂಬ, ಬಗೆಬಗೆಯ ಲೆಕ್ಕ, ಲೋಹಗಳು.

ಮೀನಿನ ವಿಷಯ: ಹೂಳಿನ ವರದಿ ನೋಡಿ ಮೀನಿನ ಬಗ್ಗೆ ತೀರ್ಮಾನಿಸಬೇಡಿ, ಮೀನನ್ನೇ ಪರೀಕ್ಷಿಸಿ. ಡೆಕಾ ಮೀನಿಗೆ ಅಷ್ಟಾಗಿ ಸೇರುವುದಿಲ್ಲ, 47 ಚೆನ್ನಾಗಿ ಸೇರುತ್ತದೆ. ಕಾರ್ಪ್ ಮೀನಿನ ದೇಹದೊಳಗೇ 99 ಒಂದು ಬ್ರೋಮಿನ್ ಕಳೆದುಕೊಂಡು 47 ಆಗುತ್ತದೆ, ಹಾಗಾಗಿ ಮೀನಿನಲ್ಲಿ 47 ಕಂಡರೆ ಅದು ಹೂಳಿನ ಬ್ಯಾಕ್ಟೀರಿಯಾದ ಕೆಲಸ ಎಂದೂ ಹೇಳಲಾಗದು. ಫಲಿತಾಂಶ ಬರುವವರೆಗೆ ಈ ಕೆರೆಯ ಮೀನು ಬೇಡ. ಬಸುರಿಯರು, ಮಕ್ಕಳಂತೂ ತಿನ್ನಲೇಬಾರದು.

ತೋಟಕ್ಕೆ ಹೂಳು ಹಾಕುವ ಯೋಚನೆ ಬಿಟ್ಟುಬಿಡಿ. ನೋಡಲು ಅದು ಒಳ್ಳೆ ಫಲವತ್ತಾದ ಮಣ್ಣೇ, ಅದಕ್ಕೇ ಆಸೆ ಆಗುವುದು ಸಹಜ. ಆದರೆ ಗಾಳಿಯಾಡುವ ಮಣ್ಣಿನಲ್ಲಿ ಡೆಕಾದ ಬ್ರೋಮಿನ್ ಕಳಚುವ ಬ್ಯಾಕ್ಟೀರಿಯಾಗಳಿಗೆ ಬಾಳುವೆ ಇಲ್ಲ, ಹಾಗಾಗಿ ಅದು ವರ್ಷಗಟ್ಟಲೆ ಹಾಗೇ ಉಳಿಯುತ್ತದೆ. ಜೊತೆಗಿರುವ ಚಿಕ್ಕ ಬಗೆಗಳು ಎರೆಹುಳುವಿಗೆ, ಮಣ್ಣು ಕೆದಕುವ ಕೋಳಿಗೆ, ಅದರ ಮೊಟ್ಟೆಗೆ ಹೋಗುತ್ತವೆ. ಈಗಾಗಲೇ ಯಾರಾದರೂ ಒಂದಿಷ್ಟು ಹಾಕಿಕೊಂಡಿದ್ದರೆ ಆ ಜಾಗದಲ್ಲಿ ಕೋಳಿ ಬಿಡಬೇಡಿ, ಗೆಡ್ಡೆ ಬೆಳೆಯಬೇಡಿ. ಆ ಮಣ್ಣಿನ ಒಂದು ಮಾದರಿಯನ್ನೂ ಮುಂದಿನ ಪರೀಕ್ಷೆಗೆ ಕಳಿಸಿ.